ಮೂರು ಅಂಗಡಿಗಳ ಒಂದೇ ಪದಕೋಶ

ಮೊನ್ನೆ ನಾನು ಪಾಠ ಮಾಡುವ ಕಾಲೇಜಿನಲ್ಲಿ ವಿದ್ಯಾರ್ಥಿನಿಯೊಬ್ಬಳು ತನ್ನ ಅಕ್ಕನ ಲಗ್ನಪತ್ರಿಕೆ ತಂದುಕೊಟ್ಟಳು. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಹಸಿಯಾಗಿತ್ತು. ಅದರ ವಾಸನೆ ನನ್ನ ಬೆರಳಿಗೂ ಹತ್ತಿತು. "ತಪ್ಪಸಬ್ಯಾಡ್ರಿ ಮೇಡಂ, ಬರ್ಬೇಕ್ರಿ" ಎಂದಳು. ಬರುತ್ತೇನೆ ಎಂದೆ. ಅವಳು ಹೋದ ಮೇಲೆ ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ಒಂದು ತಪ್ಪು, ವರನ ಹೆಸರಿನಲ್ಲಿ ಇನ್ನೊಂದು. ಎಲ್ಲಕ್ಕಿಂತ ಕೆಳಗೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ, ಮುದ್ರಿಸಿದ ಅಂಗಡಿಯ ಹೆಸರು. ನೀವು ಆಗ ನನ್ನೆದುರು ಕೂತಿದ್ದರೆ ಕೈಯಲ್ಲಿರುವುದು ಸಾವಿನ ಕಾಗದ ಎಂದುಕೊಳ್ಳುತ್ತಿದ್ದಿರಿ. ನನ್ನ ಮುಖ ಯಾರಿಗೂ ಸುಲಭವಾಗಿ ಏನನ್ನೂ ಹೇಳುವುದಿಲ್ಲ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆ ಅಂದು ಉಳಿಯಲಿಲ್ಲ.

ಕೆಲವು ವರ್ಷಗಳ ಹಿಂದೆ ಆ ಅಂಗಡಿಯಲ್ಲಿ ನಾನು ತಪ್ಪು ತಿದ್ದುವ ಕೆಲಸಕ್ಕಿದ್ದೆ. ಗುಲಬರ್ಗಾದಲ್ಲಿ ಎಂ.ಎ. ಮುಗಿಸಿ ಆಳಂದಕ್ಕೆ ಮರಳಿದ್ದೆ. ಕೆಲಸ ಇರುವ ತನಕ ಗಂಡು ನೋಡುವ ಮಾತು ಎತ್ತುವುದಿಲ್ಲ ಎಂದು ಅಪ್ಪ ಒಪ್ಪಿಕೊಂಡಿದ್ದರು. ಅವರ ಲೆಕ್ಕದಲ್ಲಿ ಅದು ನಾಲ್ಕು ದಿನದ ಹಟ. ನನ್ನ ಲೆಕ್ಕ ಬೇರೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ಬಸ್ ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿ ಅದು. ಮಾಲೀಕ ಕಲ್ಲಪ್ಪಣ್ಣ ಮೊದಲು ತೊಗರಿ ದಲ್ಲಾಳಿಯಾಗಿ ಅಡತ್ ಅಂಗಡಿ ನಡೆಸಿದವನು. ಕಂಪ್ಯೂಟರನ್ನೂ ಕಾಳಿನ ಚೀಲದಂತೆ ಅಂಗೈಯಿಂದ ತಟ್ಟಿ ನೋಡುತ್ತಿದ್ದ. ಒಳ್ಳೆಯ ಮನುಷ್ಯನೇ. ಜೋರು ದನಿಯಲ್ಲಿ ಮಾತಾಡಿದ್ದು ನನಗೆ ನೆನಪಿಲ್ಲ.

ಅಲ್ಲಿ ಬರಹ ಟೈಪು ಮಾಡಲು ಒಂದು ಪ್ರೋಗ್ರಾಂ, ಪುಟ ಕಟ್ಟಲು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪದಕೋಶ. ಅದರಲ್ಲಿಲ್ಲದ ಪದ ಬಂದರೆ ಅದರ ಮೇಲೆ ಕರಿ ಪಟ್ಟಿ ಬೀಳುತ್ತಿತ್ತು. ಬೆಂಗಳೂರಿನಲ್ಲಿ ತಯಾರಾದ ಸರಕು. ಬಸುರಿಗೆ ಮಾಡುವ ಕುಬಸ ಗೊತ್ತಿಲ್ಲ, ಮಗುವಿನ ಕೂದಲು ತೆಗೆಯುವ ಜವಳ ಗೊತ್ತಿಲ್ಲ, ಬಿರಾದಾರ ಎಂಬ ಮನೆತನವೂ ಗೊತ್ತಿಲ್ಲ. ನಾನು ಒಂದೊಂದೇ ಪದ ಕಲಿಸುತ್ತ ಬಂದೆ. ಆದರೆ ಒಂದು ಪ್ರೋಗ್ರಾಂ ಕಲಿತದ್ದು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ, ಒಂದೇ ಮನೆಯಲ್ಲಿ ಮಾತು ಬಿಟ್ಟ ಇಬ್ಬರು ಸೊಸೆಯರಂತೆ. ಕೊನೆಗೆ ಆ ಪದಕೋಶ ಸಾಲಿಗೊಂದು ಪದವಿರುವ ಸಾದಾ ಕಡತ ಎಂದು ಕಂಡುಕೊಂಡು, ಎರಡನ್ನೂ ಒಂದೇ ಕಡತಕ್ಕೆ ಕೂಡಿಸಿ, ಎರಡೂ ಪ್ರೋಗ್ರಾಂಗಳು ಅದೊಂದನ್ನೇ ಓದುವಂತೆ ಹೊಂದಿಸಿದೆ. ಅಂದು ಮನೆಗೆ ಹೋಗುವಾಗ ದಾರಿಯಲ್ಲಿ ಸುಮ್ಮಸುಮ್ಮನೆ ನಕ್ಕಿರಬೇಕು. ಎದುರು ಬಂದ ಪಕ್ಕದ ಮನೆಯ ಕಾಕು, "ಏನ್ ಬೇ, ಗಂಡು ಗೊತ್ತಾತೇನು?" ಎಂದು ಕೇಳಿದರು.

ಕಲ್ಲಪ್ಪಣ್ಣನಿಗೂ ಖುಷಿಯಾಯಿತು. ಅಫಜಲಪುರದಲ್ಲಿ ಅವನ ಹೆಂಡತಿಯ ತಮ್ಮ ಸಂಗಣ್ಣ ಇಂಥದೇ ಅಂಗಡಿ ನಡೆಸುತ್ತಿದ್ದ. ಈ ಪದಕೋಶವನ್ನು ಅವನಿಗೂ ಕೊಡು ಎಂದ. ಒಂದು ಮಾತಿನ ಮೇಲೆ ಒಪ್ಪಿದೆ: ಪದ ಎಲ್ಲಿಂದಲಾದರೂ ಬರಲಿ, ಒಳಗೆ ಸೇರಿಸುವ ಕೈ ನನ್ನದೊಂದೇ ಇರಬೇಕು.

"ಖರೇ ಅದ ತಂಗಿ. ನೀ ಹೂಂ ಅಂದ್ರ ಒಳಗ, ಇಲ್ಲಂದ್ರ ಹೊರಗ" ಎಂದ.

ಪದಕೋಶ ತುಂಬಿದ ಫ್ಲಾಪಿಯನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದೆವು, ಬುತ್ತಿ ಕಳಿಸಿದ ಹಾಗೆ.

ನಮ್ಮ ಕಡೆಯ ರೂಢಿ ನಿಮಗೆ ಗೊತ್ತಿರಬೇಕು. ಗಿರಾಕಿ ಹಾಳೆ ಕೊಟ್ಟು ಹೋಗುವವನಲ್ಲ. ಸ್ಟೂಲು ಎಳೆದು ಪಕ್ಕದಲ್ಲೇ ಕೂತು ಪರದೆ ನೋಡುತ್ತಾನೆ, ಜೊತೆಗೆ ಬೀಗರೂ ಇರುತ್ತಾರೆ. ಒಮ್ಮೆ ಮಗಳ ಲಗ್ನಪತ್ರಿಕೆಗೆ ಬಂದ ಗೌಡರೊಬ್ಬರು ತಮ್ಮ ಹೆಸರಿನ ಮೇಲೆ ಬಿದ್ದ ಪಟ್ಟಿ ನೋಡಿ ಎದ್ದೇ ನಿಂತರು.

"ಯಾಕ್ರೀ ಬಾಯಾರ, ನಾ ಇನ್ನಾ ಜಿಂದಾ ಅದೀನಿ. ಕರೀ ಪಟ್ಟಿ ಯಾಕ ಬಡದೀರಿ?"

"ಬಿಡ್ತು ಅನ್ರಿ, ಬಿಡ್ತು ಅನ್ರಿ" ಎಂದು ಅವರ ಹೆಂಡತಿ ಸೆರಗು ಬಾಯಿಗೆ ಹಚ್ಚಿದರು.

ಅಂದಿನಿಂದ ನಾನು ತಿದ್ದಿ ಮುಗಿಸುವವರೆಗೆ ಗಿರಾಕಿಗಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸತೊಡಗಿದೆ. ಬಿಗುಮಾನದ ಹುಡುಗಿ ಎಂಬ ಹೆಸರು ಬಂತು, ಇರಲಿ ಎಂದುಕೊಂಡೆ. ಸಂಗಣ್ಣ ಕಂಡುಕೊಂಡ ಉಪಾಯ ಬೇರೆ. ಟೈಪು ಮುಗಿದ ಕೂಡಲೇ, ಗಿರಾಕಿ ನೋಡುವ ಮೊದಲೇ, ಪಟ್ಟಿ ಬಿದ್ದ ಪದಗಳನ್ನೆಲ್ಲ ಸರಿಯೋ ತಪ್ಪೋ ನೋಡದೆ, ನನ್ನನ್ನೂ ಕೇಳದೆ, ತನ್ನಲ್ಲಿದ್ದ ಪದಕೋಶಕ್ಕೆ ಸೇರಿಸಿಬಿಡುವುದು. ಪರದೆ ಹಾಲಿನಂತೆ ಬೆಳ್ಳಗೆ. ಯಾರಿಗೂ ಅಪಶಕುನವಿಲ್ಲ.

ಇದು ನನಗೆ ತಿಳಿದದ್ದು ಕಲ್ಲಪ್ಪಣ್ಣ ಅಫಜಲಪುರಕ್ಕೆ ಹೋಗಿ ಬಂದ ಮೇಲೆ.

"ಅಲ್ಲ ತಂಗಿ, ಅಲ್ಲಿ ಒಂದೂ ಪಟ್ಟಿ ಬೀಳಂಗಿಲ್ಲ. ಅವನ ಪದಕೋಶ ನಿಂದಕ್ಕಿಂತ ದುಪ್ಪಟ್ಟು ಅದ. ನಾವೂ ಅದನ್ನೇ ಹಾಕೋಣು."

"ಅಣ್ಣಾ, ಅದ್ರಾಗ ತಪ್ಪು ಪದಾನೂ ಕೂಡ್ಯಾವ್ರಿ" ಎಂದೆ.

"ಮಾಲು ಹೆಚ್ಚಿದ್ರ ಲುಕ್ಸಾನ್ ಏನದ?"

ಆಗುವುದಿಲ್ಲ ಎಂದೆ. ಅವನು ವಾದಿಸಲಿಲ್ಲ. ಮರುದಿನ ನಾನು ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಸಂಗಣ್ಣ ಬಸ್ಸಿಳಿದು ಬಂದು ಕೆಲಸ ಮುಗಿಸಿದ್ದ. ನನ್ನ ಕಡತದ ಮೇಲೆ ತನ್ನದನ್ನು ಹಾಕಿದ್ದ. ಎರಡೂ ಪ್ರೋಗ್ರಾಂಗಳು ಆ ಒಂದನ್ನೇ ಓದುವಂತೆ ನಾನೇ ಮಾಡಿಟ್ಟಿದ್ದೆನಲ್ಲ, ಅವನಿಗೆ ಒಮ್ಮೆ ಒತ್ತಿದರೆ ಸಾಕಾಯಿತು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ನಿಮ್ಮವೂ ಒಳಗೇ ಅವ" ಎಂದು ಚಹಾದ ಕಪ್ಪು-ಬಸಿ ಮುಂದೆ ಹಿಡಿದ.

ನಾನು ಕೂತು, ಬೇಕೆಂದೇ, ನಾವು ತಿಂಗಳಿಗೆ ಹತ್ತಾರು ಸಲ ತಿದ್ದುವ ತಪ್ಪುಗಳನ್ನೇ ಸಾಲಾಗಿ ಟೈಪು ಮಾಡಿದೆ. ಒಂದಕ್ಕೂ ಪಟ್ಟಿ ಬೀಳಲಿಲ್ಲ. "ನೋಡ್ರಿ ಅಣ್ಣಾ, ಇದು ಏನೂ ಹೇಳವಲ್ದು" ಎಂದೆ.

"ಮಷೀನ್ ಸುಮ್ನ ಅದ ಅಂದ್ರ ಬರೋಬರಿ ಅದ ಅಂತಲೇ ಅಲ್ಲೇನು?" ಎಂದ ಕಲ್ಲಪ್ಪಣ್ಣ. ತಮಾಷೆಗಲ್ಲ, ನಂಬಿಯೇ ಹೇಳಿದ. ಹಳೆಯದರ ಪ್ರತಿ ನನ್ನ ಹತ್ತಿರ ಇದೆ ಎಂದೆ. "ಇಟ್ಕೊ ತಂಗಿ, ಅದು ನಿಂದೇ ಅದ" ಎಂದ.

ಆ ತಿಂಗಳ ಕೊನೆಯಲ್ಲಿ ಕರೆದು ಕೂರಿಸಿ ಇನ್ನೊಂದು ಮಾತು ಹೇಳಿದ. ತಿದ್ದುವ ಕೆಲಸವನ್ನು ಈಗ ಮಷೀನೇ ಮಾಡುತ್ತಿದೆ, ಟೈಪಿಗೆ ಹುಡುಗರಿದ್ದಾರೆ, ನನ್ನನ್ನು ಸುಮ್ಮನೆ ಕೂರಿಸಿ ಇಟ್ಟುಕೊಳ್ಳುವುದು ನನಗೇ ಅವಮಾನ. "ನೀ ಓದಿದಾಕಿ. ನಿನಗ ದೊಡ್ಡ ಕೆಲಸ ಸಿಗ್ತದ. ಫಿಕರ್ ಮಾಡಬ್ಯಾಡ." ಬಾಗಿಲವರೆಗೆ ಬಂದವನು ತಡೆದು, "ಜೇವರ್ಗಿದಾಗ ಹೊಸ ಅಂಗಡಿ ತೆಗ್ಯಾಕತ್ತೀವಿ. ಹೋಗೂದ್ರಾಗ ಅಲ್ಲಿ ಮಷೀನಿಗೂ ಇದನ್ನ ಕೂಡಿಸಿ ಕೊಡು. ನಿನ್ನಂಗ ಮತ್ತ್ಯಾರಿಗೂ ಬರಂಗಿಲ್ಲ" ಎಂದ.

ಕೂಡಿಸಿ ಕೊಟ್ಟೆ. ಸಂಗಣ್ಣನ ಪದಕೋಶವನ್ನೇ, ಎಲ್ಲ ಪ್ರೋಗ್ರಾಂಗಳಿಗೂ ಹೊಂದುತ್ತದೆಯೇ ಎಂದು ಎರಡೆರಡು ಸಲ ನೋಡಿ ಕೊಟ್ಟೆ. ಕೆಲಸವನ್ನು ಅರೆಬರೆ ಮಾಡುವುದು ನನಗೆ ಬರುವುದಿಲ್ಲ. ಆ ಗುಣದ ಮೇಲೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು. ಮುಂದಿನ ವಾರ ಅಪ್ಪ ಗಂಡಿನ ಕಡೆಯವರನ್ನು ಕರೆಸಿದರು. ಆಮೇಲಿನದು ಮನೆಯ ವಿಷಯ. ಅದರಿಂದ ಹೊರಬಂದು ಈ ಕಾಲೇಜು ಸೇರಲು ಬಹಳ ದಿನ ಹಿಡಿಯಿತು ಎಂದಷ್ಟೇ ಹೇಳುತ್ತೇನೆ.

ಅಂಗಡಿಗಳಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಮೂರೂ ಚೆನ್ನಾಗಿ ನಡೆದಿವೆ. ತಪ್ಪು ಹೆಸರಿನಲ್ಲೇ ಜನ ಮದುವೆಯಾದರು, ಊಟ ಮಾಡಿ ಹೋದರು, ಒಬ್ಬರೂ ತಿರುಗಿ ಬಂದು ಜಗಳವಾಡಲಿಲ್ಲ. ನನ್ನನ್ನು ಈಗಲೂ ಚುಚ್ಚುವುದು ಅದೇ. ಲುಕ್ಸಾನ್ ಏನದ ಎಂಬ ಕಲ್ಲಪ್ಪಣ್ಣನ ಮಾತು ವ್ಯಾಪಾರದಲ್ಲಿ ನಿಜವೇ ಆಗಿತ್ತು.

ನಮ್ಮ ಕಾಲೇಜಿಗೆ ಈ ವರ್ಷ ಹೊಸ ಕಂಪ್ಯೂಟರ್ ಬಂದಿದೆ. ಈ ಬರಹವನ್ನು ಅದರಲ್ಲೇ ಟೈಪು ಮಾಡಿದೆ. ಮೇಲೆ ನನ್ನ ಹೆಸರು ಹಾಕಿದಾಗ ಅದರಡಿ ಕೆಂಪು ಗೆರೆ ಎಳೆದು, ಈ ಪದ ಗೊತ್ತಿಲ್ಲ, ಸೇರಿಸಲೇ ಎಂದು ಕೇಳಿತು. ಬೇಡ ಎಂದು ಒತ್ತಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವವರು ಸಿಕ್ಕು ಬಹಳ ದಿನವಾಗಿತ್ತು. ಹೆಸರನ್ನು ಇನ್ನೊಮ್ಮೆ ಓದಿ ನೋಡಿದೆ. ಸರಿಯಾಗಿತ್ತು.