ಒರೆಸಿದ ಬೀರು

ಸೋಮವಾರ ಮಧ್ಯಾಹ್ನ ಎರಡೂಕಾಲಿಗೆ ಚಿಕ್ಕಮ್ಮನ ಸರ ಕಾಣೆಯಾಗಿರುವುದು ಗೊತ್ತಾಯಿತು. ಎರಡೂವರೆಗೆ ಕಳ್ಳಿ ಯಾರೆಂಬುದೂ ತೀರ್ಮಾನವಾಗಿತ್ತು. ನನ್ನ ದಿನಚರಿಯಲ್ಲಿ ಎರಡೂ ಸಮಯ ಒಂದರ ಕೆಳಗೊಂದಿವೆ. ನೋಡಿದಾಗಲೆಲ್ಲ ಮೈ ಉರಿಯುತ್ತದೆ.

ಸಂತೇಬೆನ್ನೂರಿನ ನಮ್ಮ ಮನೆಯಲ್ಲಿ ಆಗ ಅಡಿಕೆ ಸುಲಿತ ನಡೆದಿತ್ತು. ಚಪ್ಪರದಡಿ ಹನ್ನೊಂದು ಹೆಂಗಸರು ಕತ್ತಿ ಮುಂದಿಟ್ಟುಕೊಂಡು ಸುಲಿಯುತ್ತಿದ್ದರು. ಅವರಲ್ಲಿ ಒಬ್ಬಾಕೆ ಜಗಳೂರು ಕಡೆಯವಳು, ಸುಗ್ಗಿಗೆಂದು ಬಂದು ಬಾಡಿಗೆ ಕೋಣೆಯಲ್ಲಿದ್ದಳು. ಒಳಗೆ ನೀರು ಕುಡಿಯಲು ಬಂದವಳು ಅವಳೊಬ್ಬಳೇ ಎಂದರು ಚಿಕ್ಕಮ್ಮ. ನಾನು ಬೆಳಗಿನಿಂದ ಹಜಾರದಲ್ಲೇ ಓದುತ್ತ ಕೂತಿದ್ದೆ. ಬಂದುಹೋದವರು ಒಂಬತ್ತು ಜನ, ಐವರು ನಮ್ಮ ಮನೆಯವರೇ.

ಸರ ಇಟ್ಟಿದ್ದ ಬೀರುವಿನ ಬಿಳಿ ಬಾಗಿಲ ಮೇಲೆ ನಾಲ್ಕು ಕಪ್ಪು ಬೆರಳ ಗುರುತುಗಳಿದ್ದವು. "ನೋಡೇ, ಚೊಗರು ಕೈ! ಇನ್ನೇನು ಬೇಕು?" ಎಂದರು ಚಿಕ್ಕಮ್ಮ.

ಅಡಿಕೆಯ ಚೊಗರಿನಿಂದ, ಅದರ ಒಗರು ರಸದಿಂದ, ಸುಲಿಯುವವರ ಕೈ ಕಪ್ಪಾಗುವುದು ನಿಜ. ಆದರೆ ಆ ಕಪ್ಪು ಚರ್ಮದೊಳಗೆ ಇಳಿದದ್ದು. ಸೋಪು ಹಾಕಿ ಉಜ್ಜಿದರೂ ಹೋಗದ್ದು ಬಾಗಿಲಿಗೆ ಹೇಗೆ ಹತ್ತುತ್ತದೆ? ಅದಕ್ಕೆ ಅಡಿಕೆ ಬೇಯಿಸುವ ಹಂಡೆಯ ಹಸಿ ಚೊಗರೇ ಬೇಕು. ಹಂಡೆಯ ಕೆಲಸ ನಮ್ಮ ಮನೆಯ ಗಂಡಸರದು. ಬಾಗಿ ನೋಡಿದೆ, ಒಂದು ಗುರುತಿನ ಸುತ್ತುಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಆಕೆಯ ಬೆರಳಲ್ಲಿ ಗೆರೆಗಳೇ ಸವೆದಿದ್ದವು. ರೇಷನ್ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟು ಹಿಡಿಯುತ್ತಿರಲಿಲ್ಲ. "ನಾನು ಸತ್ತೀನಂತವ್ವಾ, ಮಿಷನ್ನು ಹೇಳ್ತೈತೆ" ಎಂದು ನಕ್ಕಿದ್ದಳು.

ಪೊಲೀಸರು ಬಂದರು. ಬೆರಳಚ್ಚಿನವರು ನಾಳೆ ಬರುತ್ತಾರೆ, ಬೀರು ಮುಟ್ಟಬೇಡಿ ಎಂದರು. ಆಕೆಯನ್ನು ಸಂಜೆವರೆಗೆ ಠಾಣೆಯಲ್ಲಿ ಕೂರಿಸಿ, ಮರುದಿನ ಮತ್ತೆ ಬರಲು ಹೇಳಿ ಕಳಿಸಿದರು.

ಮಂಗಳವಾರ ಬೆಳಗ್ಗೆ ಏಳಕ್ಕೆ ನೋಡಿದರೆ ಬೀರು ಹೊಳೆಯುತ್ತಿತ್ತು. ಒದ್ದೆ ಬಟ್ಟೆ ಚಿಕ್ಕಮ್ಮನ ಕೈಯಲ್ಲೇ ಇತ್ತು.

"ಏನ್ ಮಾಡಿದ್ರಿ ಚಿಕ್ಕಮ್ಮ!"

"ಹೊರಗಿನೋರು ಬರ್ತಾರಲ್ಲೇ, ಸಾಹೇಬ್ರು. ಆ ಗಲೀಜು ಇಟ್ಕಂಡು ಮನೆ ತೋರ್ಸಾಕೆ ಆಗ್ತೈತಾ?"

ಅವರು ಸುಳ್ಳು ಹೇಳಿದರೆಂದು ಇವತ್ತಿಗೂ ಹೇಳಲಾರೆ. ನೆಂಟರು ಬಂದರೂ, ಹೆಣ್ಣು ನೋಡಲು ಬಂದರೂ ನಮ್ಮಲ್ಲಿ ಮೊದಲು ಒರೆಸುತ್ತಾರೆ. ಕಳ್ಳತನದ ಗುರುತನ್ನೂ ಒರೆಸಿದರು.

ಬೆರಳಚ್ಚಿನವರು ಪುಡಿ ಹಚ್ಚಿ ನೋಡಿದರು. "ಭಾಳ ಚೆನ್ನಾಗಿ ಒರೆಸೀರಿ ತಾಯಿ. ಕಳ್ಳನೂ ಇಷ್ಟು ಚೆನ್ನಾಗಿ ಒರೆಸ್ತಿರಲಿಲ್ಲ" ಎಂದರು. ನಾನು ದಿನಚರಿ ತೋರಿಸಿ ಕಂಡದ್ದನ್ನೆಲ್ಲ ಹೇಳಿದೆ. "ಇದು ನಿಮ್ಮ ಹೇಳಿಕೆ ಆಗ್ತೈತೆ ಕಣಮ್ಮ. ಬೆರಳಚ್ಚು ಆಗಾಕಿಲ್ಲ" ಎಂದರು. ಠಾಣೆಯಲ್ಲಿ ಹೇಳಿಕೆ ಬರೆದುಕೊಟ್ಟೆ, ಒರೆಸಿದ್ದನ್ನೂ ಸೇರಿಸಿ. ಮನೆಯಲ್ಲಿ ಎರಡು ದಿನ ಯಾರೂ ಮಾತಾಡಿಸಲಿಲ್ಲ.

ಗುರುವಾರ ಪೊಲೀಸರು ಆಕೆಗೆ, ಸಾಕ್ಷಿ ಇಲ್ಲ, ಇನ್ನು ಬರಬೇಡ ಎಂದರು. ಬಿಡುಗಡೆಯ ಹಾಗೆ ಕೇಳಿಸುವ ಮಾತು. ಸುಲಿಯುವವರನ್ನು ಕರೆತರುವ ಮೇಸ್ತ್ರಿ ಮಾತ್ರ, "ಸಾಕ್ಷಿ ಸಿಕ್ಕಿಲ್ಲ ಅಂದ್ರು. ಕದ್ದಿಲ್ಲ ಅಂತ ಯಾರಂದ್ರು?" ಎಂದ. ಊರಿನ ಯಾವ ಚಪ್ಪರದಲ್ಲೂ ಆಕೆಗೆ ಜಾಗ ಸಿಗಲಿಲ್ಲ.

ಶುಕ್ರವಾರ ಆಕೆಯ ಕೋಣೆಗೆ ಹೋದೆ. ಗಂಟು ಕಟ್ಟುತ್ತಿದ್ದಳು. ಹೇಳಿಕೆ ಕೊಟ್ಟಿದ್ದೇನೆ, ಚಪ್ಪರದಲ್ಲಿ ಎಲ್ಲರಿಗೂ ಹೇಳಿದ್ದೇನೆ ಎಂದೆ.

"ನೀ ಹೇಳಿದ್ರೆ ಏನಾತವ್ವಾ? ಒರೆಸಿದೋರು ಬಂದು ಹೇಳ್ಬೇಕು. ಈ ಹೆಸರು ಹೊತ್ಕಂಡು ಊರಿಗೆ ಹೋದ್ರೆ ಮುಂದಿನ ಸುಗ್ಗಿಗೆ ನನ್ನ ಯಾರು ಕರೀತಾರೆ?"

ಓಡಿಬಂದು ಚಿಕ್ಕಮ್ಮನಿಗೆ ಹೇಳಿದೆ. ಬಸ್ಸು ನಾಲ್ಕಕ್ಕೆ, ಇನ್ನೂ ನಲವತ್ತು ನಿಮಿಷ ಇದೆ, ಗುರುತು ಒರೆಸಿದ್ದು ನಾನೇ ಎಂದು ಚಪ್ಪರದಲ್ಲಿ ಒಂದು ಮಾತು ಹೇಳಿದರೆ ಸಾಕು ಎಂದೆ.

"ಸುಲಿಯೋರ ಮುಂದೆ ನಿಂತು ನಾನು ತಪ್ಪು ಒಪ್ಕಬೇಕಾ? ಎಲ್ಲಿ ಕಲಿತೆ ಇದನ್ನ?"

ಕೈ ಹಿಡಿದು ಎಳೆದೆ. ಕೊಡವಿಕೊಂಡರು. ಮತ್ತೆ ಎಳೆದೆ. ಚಪ್ಪರದಲ್ಲಿ ಕತ್ತಿಗಳ ಸದ್ದು ನಿಂತಿತು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು, ಚಿಕ್ಕಮ್ಮ ಕೈ ಬಿಡಿಸಿಕೊಂಡು ಒಳಗೆ ಹೋದರು. ನಾಲ್ಕಕ್ಕೆ ಆಕೆ ಬಸ್ಸು ಹತ್ತಿದಳು.