ನೀಲತ್ತೆ ಮತ್ತು ಮೋತ್ಯಾ ನಡೆದ ದಾರಿ

ಬೇವಿನ ಎಣ್ಣೆಯ ಕಮಟು ವಾಸನೆ ಬಹಳ ಜನರಿಗೆ ಹಿಡಿಸುವುದಿಲ್ಲ. ನನಗೆ ಮಾತ್ರ ಅದು ಮನೆಯ ವಾಸನೆ. ಮೊನ್ನೆ ಶನಿವಾರ ಸಂಜೆ ಬೆಳಗಾವಿಯ ನಮ್ಮ ಮನೆಯ ಹಿತ್ತಿಲಲ್ಲಿ ಕೂತು, ನಮ್ಮ ನಾಯಿ ಚಿಂಗಿಯ ಕಾಲುಗಳಿಗೆ, ಬೆರಳಿನ ಸಂದಿಗಳಿಗೆ, ಕಿವಿಯ ಹಿಂದೆ ಆ ಎಣ್ಣೆ ಸವರುತ್ತಿದ್ದೆ. ಮರುದಿನ ಅದನ್ನು ಖಾನಾಪುರದ ಕಡೆ ಕಾಡಿನ ನೆರಳಲ್ಲಿ ನಡೆಸಿಕೊಂಡು ಬರಬೇಕೆಂದು ವಾರದಿಂದ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಎಷ್ಟು ಬೇಗ ಹೊರಡುವುದು, ಕಾರು ಎಲ್ಲಿ ನಿಲ್ಲಿಸುವುದು, ನೀರು ಎಷ್ಟು ಬೇಕಾದೀತು, ಬಿಸಿಲು ಏರುವ ಮುಂಚೆ ಎಲ್ಲಿಂದ ಹಿಂದಿರುಗುವುದು. ಕಾಡಿನಲ್ಲಿ ಉಣ್ಣೆ ಹತ್ತದಿರಲೆಂದು ಈ ಎಣ್ಣೆ. ಅದರ ವಾಸನೆ ಮೂಗಿಗೆ ಏರಿದ್ದೇ ತಡ, ನಾನು ಬೆಳಗಾವಿಯಲ್ಲಿ ಇರಲೇ ಇಲ್ಲ. ಖಾನಾಪುರದ ಹೆಂಚಿನ ಕಾರ್ಖಾನೆಯ ಕ್ವಾರ್ಟರ್ಸಿನ ಕಟ್ಟೆಯ ಮೇಲೆ, ಅಪ್ಪನ ತಂಗಿ ನೀಲತ್ತೆಯ ಪಕ್ಕದಲ್ಲಿ ಕೂತಿದ್ದೆ. "ಮ್ಯಾಲ ಮ್ಯಾಲ ಸವರಬ್ಯಾಡ ಸುಮಿ, ಕೂದಲಾ ಎತ್ತಿ ಬುಡಕ್ಕ ಹಚ್ಚು" ಎಂದು ಅವಳು ಹೇಳುವುದು ಕಿವಿಯ ಹತ್ತಿರವೇ ಕೇಳಿಸಿತು.

ಆ ಮನೆಯನ್ನು ಹೇಗೆ ಹೇಳಲಿ? ನಿಮಗೂ ಅಂಥದೊಂದು ಮನೆ ಇದ್ದೀತು. ಈಗ ಹೋಗಿ ಹುಡುಕಿದರೆ ಸಿಗದಂಥದ್ದು. ಅಪ್ಪ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ. ಅವನಿಗೆ ಕೊಟ್ಟ ಮನೆ ಸಾಲಿನಲ್ಲಿ ಕೊನೆಯದು, ಅದರಾಚೆ ಕಾಡು. ಮೇಲೆ ಹೆಂಚು, ಕೆಳಗೆ ನೆಲಕ್ಕೂ ಅದೇ ಮಣ್ಣಿನ ಕೆಂಪು ಬಿಲ್ಲೆಗಳು. ಕೆಂಪು ಧೂಳು ನಮ್ಮ ಬದುಕಿನ ಎಲ್ಲ ಕಡೆ ಇರುತ್ತಿತ್ತು. ಒಣಹಾಕಿದ ಬಟ್ಟೆಯಲ್ಲಿ, ದಿಂಬಿನಲ್ಲಿ, ಅವ್ವ ರೊಟ್ಟಿ ಬಡಿಯುವ ಕೊಣಮಿಗೆಯ ಅಂಚಿನಲ್ಲಿ. ಭಟ್ಟಿ ಹೊತ್ತಿಸಿದ ದಿನಗಳಲ್ಲಿ ಗಾಳಿಗೆ ಸುಟ್ಟ ಮಣ್ಣಿನ ಬಿಸಿ ಇರುತ್ತಿತ್ತು, ಮೊದಲ ಮಳೆ ನಿಂತ ಮೇಲೆ ಏಳುವ ವಾಸನೆಯೇ, ಆದರೆ ಒಣಗಿದ್ದು. ಬೆಳಿಗ್ಗೆ ಅಜ್ಜಿ ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಾಗ ಮಾತ್ರ ಮನೆಯಲ್ಲಿ ಯಾರೂ ಸದ್ದು ಮಾಡುತ್ತಿರಲಿಲ್ಲ; ಹೊರಗೆ ಹೆಂಚು ಒತ್ತುವ ಯಂತ್ರವೊಂದು ಧಡ್ ಧಡ್ ಎನ್ನುತ್ತಿತ್ತು, ಅಷ್ಟೆ.

ನೀಲತ್ತೆ ಹುಟ್ಟಿ ಬೆಳೆದದ್ದು ಆ ಊರಲ್ಲೇ. ಲೋಂಡಾದ ಆಚೆ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದವನಿಗೆ ಅವಳನ್ನು ಕೊಟ್ಟಿದ್ದರು. ಮಾವ ಕಾಮಾಲೆಯಾಗಿ ಹಾಸಿಗೆ ಹಿಡಿದವನು ಮತ್ತೆ ಏಳಲಿಲ್ಲ. ಅತ್ತೆ ಒಂದು ಟ್ರಂಕಿನೊಂದಿಗೆ ತವರಿಗೆ ಹಿಂದಿರುಗಿದಾಗ ಅವಳಿಗೆ ಇಪ್ಪತ್ತೈದೂ ದಾಟಿರಲಿಲ್ಲ, ನನಗೆ ಒಂಬತ್ತು. ಬಂದವಳು ಒಳಕೋಣೆ ಸೇರಿದಳು. ಬಾವಿಗೆ ಬರಲಿಲ್ಲ, ಕಟ್ಟೆಗೆ ಬರಲಿಲ್ಲ. ಗಂಡನ ಜಾಗದಲ್ಲಿ ಕೆಲಸ ಕೊಡುತ್ತೇವೆ, ಬೆಳಗಾವಿಯ ಆಫೀಸಿಗೆ ಬಂದು ಹೋಗಲಿ ಎಂದು ಇಲಾಖೆಯವರು ಹೇಳಿ ಕಳಿಸಿದರೂ ಏಳಲಿಲ್ಲ. ಅವ್ವ ತಟ್ಟೆ ಒಯ್ದಿಟ್ಟರೆ ಅರ್ಧ ರೊಟ್ಟಿ ತಿಂದು ಉಳಿದದ್ದನ್ನು ಹಾಗೇ ಮುಚ್ಚಿಡುತ್ತಿದ್ದಳು.

ಅದಾಗಿ ಸ್ವಲ್ಪ ದಿನಕ್ಕೆ ಮಾವನ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಗಾರ್ಡ್ ಪ್ಯಾಸೆಂಜರ್ ಗಾಡಿಯಲ್ಲಿ ಮಾವನ ನಾಯಿಯನ್ನು ಕರೆತಂದ. ಎತ್ತರದ, ಬಡಕಲು, ಬೂದು ಬಣ್ಣದ ನಾಯಿ, ಹೆಸರು ಮೋತ್ಯಾ. "ತಂಗೀ, ಇದು ಅಲ್ಲಿ ಏನೂ ತಿನ್ನವಲ್ದು. ನಿಮ್ಮ ಮನಿ ಬಾಗಲಾ ಕಾಯ್ಕೋತ ಕುಂದರ್ತೈತಿ. ನೀವ ಇಟ್ಕೋರಿ" ಎಂದು ಹಗ್ಗವನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಹೋದ. ಮೋತ್ಯಾ ಅತ್ತೆಯ ಕೋಣೆಯ ಹೊಸ್ತಿಲಿಗೆ ಅಡ್ಡ ಮಲಗಿತು. ಆದರೆ ಅದು ದಿನವೂ ಮಾವನೊಂದಿಗೆ ಕಾಡು ಸುತ್ತಿದ ನಾಯಿ. ಅಂಗಳದಲ್ಲಿ ಕಟ್ಟಿದರೆ ಉಚ್ಚೆ ಕೂಡ ಮಾಡದು. ಬೆಳಗಾದರೆ ಗೇಟಿನ ಹತ್ತಿರ ಹೋಗಿ ಕುಂಯ್‌ಗುಟ್ಟುವುದು, ಮತ್ತೆ ಬಂದು ಅತ್ತೆಯ ಮುಖ ನೋಡುವುದು. ಅಪ್ಪ ಎಳೆದುಕೊಂಡು ಹೋಗಲು ನೋಡಿದ. ನಾಲ್ಕು ಹೆಜ್ಜೆಗೆ ಕೂತೇ ಬಿಟ್ಟಿತು.

ಒಂದು ಸಂಜೆ ಅಡುಗೆಮನೆಯಲ್ಲಿ ಅವ್ವ ಅತ್ತೆಗೆ ಹೇಳಿದಳು: "ನಿನ್ನ ಬಿಟ್ರ ಅದು ಯಾರ ಹಿಂದೂ ಹೋಗವಲ್ದು. ಅದರ ಸಲುವಾಗಿ ಆದ್ರೂ ಏಳು ನೀಲಾ."

"ಬ್ಯಾಡ ವೈನಿ" ಎಂದಳು ಅತ್ತೆ.

ಅಜ್ಜಿ ಹೊರಗಿನಿಂದಲೇ, "ಗಂಡ ಸತ್ತು ಇನ್ನಾ ವರ್ಷ ತುಂಬಿಲ್ಲ. ನಾಯಿ ಹಿಡ್ಕೊಂಡು ಊರಾಗ ಅಡ್ಡ್ಯಾಡಿದ್ರ ಮಂದಿ ಏನಂದಾರು?" ಎಂದಳು. ಅಜ್ಜಿ ಕೆಟ್ಟವಳಲ್ಲ. ಮಗಳ ಮೇಲೆ ಒಂದು ಮಾತು ಬಿದ್ದರೂ ತಡೆದುಕೊಳ್ಳಲಾರದವಳು, ಅದಕ್ಕೇ ಹೆದರುತ್ತಿದ್ದಳು.

ಅಪ್ಪ ಕೈ ತೊಳೆದುಕೊಳ್ಳುತ್ತ, "ಊರಾಗ ಯಾಕ ಹೋಗ್ಬೇಕವ್ವಾ? ಹಿಂದ ಮಣ್ಣಿನ ಬಂಡಿ ದಾರಿ ಐತಲ್ಲ. ಆ ಕಡೆ ಯಾರೂ ಬರೂದಿಲ್ಲ. ಹೊಳಿ ತನಕ ನೆಳ್ಳ ಐತಿ, ನಾಯಿ ಕಾಲೂ ಸುಡೂದಿಲ್ಲ" ಎಂದ. ಹಿಂದೆ ಎತ್ತಿನ ಬಂಡಿಗಳಲ್ಲಿ ಕಾರ್ಖಾನೆಗೆ ಮಣ್ಣು ತರುತ್ತಿದ್ದ ದಾರಿ ಅದು. ಲಾರಿಗಳು ಬಂದ ಮೇಲೆ ಬಂಡಿ ನಿಂತವು. ಎರಡೂ ಬದಿಯ ಮತ್ತಿ, ನೇರಳೆ, ಬಿದಿರು ಬಾಗಿ ಮೇಲೆ ಕೂಡಿಕೊಂಡಿದ್ದವು. ಆ ರಾತ್ರಿ ಊಟದ ಹೊತ್ತಿಗೆ ಯಾವುದೋ ಮದುವೆಗೆ ಹೊರಡುವವರಂತೆ ಯೋಜನೆ ನಡೆಯಿತು. ಬಿಸಿಲು ಏರುವ ಮುಂಚೆ ಹೊರಡುವುದು. ಡಬ್ಬಿಯಲ್ಲಿ ನೀರು, ಮೋತ್ಯಾಗೆ ಕುಡಿಯಲು ತೆಂಗಿನ ಚಿಪ್ಪು, ರೊಟ್ಟಿಯ ಚೂರು. ಹೆಣ್ಣುಮಗಳು ಒಬ್ಬಳೇ ಹೋಗುವುದು ಬೇಡವೆಂದು ಜೊತೆಗೆ ನಾನು. ಆ ದಾರಿಯನ್ನು ಆರಿಸಿದ್ದು ನಾಯಿಗೆ ನೆರಳು ಸಿಗಲೆಂದು ಎಷ್ಟೋ, ಅತ್ತೆ ಯಾರ ಕಣ್ಣಿಗೂ ಬೀಳದಿರಲೆಂದೂ ಅಷ್ಟೇ. ಅದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ಮೊದಲ ದಿನ ಅತ್ತೆ ಹಿತ್ತಿಲ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಮೋತ್ಯಾ ಹಗ್ಗ ಜಗ್ಗಿತು, ಅವಳು ಒಂದು ಹೆಜ್ಜೆ ಇಟ್ಟಳು. ಅದು ಮತ್ತೆ ಜಗ್ಗಿತು. ಹಾಗೇ ಕಾಡು ಸೇರಿದೆವು. ಒಳಗೆ ಹೋದಂತೆ ಯಂತ್ರದ ಸದ್ದು ಕಡಿಮೆಯಾಗಿ ಒಣ ಎಲೆಯ ಮೇಲೆ ನಮ್ಮ ಕಾಲಿನ ಸದ್ದಷ್ಟೇ ಉಳಿಯಿತು. ದಾರಿಯ ಮೇಲೆ ಬಿಸಿಲು ಚಿಲ್ಲರೆ ಚಿಲ್ಲರೆಯಾಗಿ ಬಿದ್ದಿತ್ತು. ಮೋತ್ಯಾ ಪ್ರತಿ ಬುಡವನ್ನೂ ಮೂಸಿ, ಕಾಲೆತ್ತಿ, ಏನೋ ದೊಡ್ಡ ಜವಾಬ್ದಾರಿ ಇರುವಂತೆ ಮುಂದೆ ಹೋಗುತ್ತಿತ್ತು. ತೊಗಟೆ ಮೊಸಳೆಯ ಮೈಯಂತೆ ಒಡೆದ ಒಂದು ಮರದ ಹತ್ತಿರ ಅತ್ತೆ ನಿಂತು ಅದರ ಮೇಲೆ ಕೈಯಿಟ್ಟಳು. "ಇದು ಮತ್ತಿ. ಬ್ಯಾಸಿಗ್ಯಾಗ ಇದರ ಹೊಟ್ಟ್ಯಾಗ ನೀರ ಇರತೈತಿ ಅಂತ ಅವರು ಹೇಳತಿದ್ರು" ಎಂದಳು. ಮಾವ ಸತ್ತ ಮೇಲೆ ಅವಳ ಬಾಯಿಂದ ಅವನ ಮಾತು ಬಂದದ್ದು ಅದೇ ಮೊದಲು. ಅಂದು ಮನೆಗೆ ಬಂದು ಎರಡು ರೊಟ್ಟಿ ತಿಂದಳು. ಅವ್ವ ಒಲೆಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಆಮೇಲೆ ಅದು ದಿನದ ಕೆಲಸವಾಯಿತು. ಹಿಂದಿನ ಸಂಜೆಯೇ ಅತ್ತೆ ಮರುದಿನದ ನಡಿಗೆಯನ್ನು ಯೋಚಿಸುತ್ತಿದ್ದಳು. ಮಂಜು ಬಿದ್ದರೆ ಎಷ್ಟು ಹೊತ್ತಿಗೆ ಹೊರಡಬೇಕು, ಮಳೆಯಲ್ಲಿ ಹಳ್ಳ ತುಂಬಿದರೆ ಎಲ್ಲಿಂದ ತಿರುಗಬೇಕು, ಬೇಸಿಗೆಯಲ್ಲಿ ಯಾವ ತಿರುವಿನವರೆಗೆ ನೆರಳು ನಿಲ್ಲುತ್ತದೆ. ಕಟ್ಟೆಯ ಮೇಲೆ ಕೂತು ಮೋತ್ಯಾಗೆ ಎಣ್ಣೆ ಹಚ್ಚುತ್ತ ಇದನ್ನೆಲ್ಲ ನನಗೆ ಹೇಳುವಳು. ಆದರೆ ಸೆರಗು ಹಣೆಯ ಮೇಲೇ ಇರುತ್ತಿತ್ತು. ಹೊಳೆಯ ದಂಡೆಯಲ್ಲಿ ಯಾರಾದರೂ ಬಟ್ಟೆ ಒಗೆಯುತ್ತಿದ್ದರೆ ದೂರದಿಂದಲೇ ಹಿಂದಿರುಗುತ್ತಿದ್ದಳು.

ಮಾರನೆಯ ಬೇಸಿಗೆ, ನನಗೆ ಸಾಲೆ ರಜೆ. ಕವಳಿ ಹಣ್ಣು ಕಪ್ಪಾಗತೊಡಗಿದ್ದವು. ನಾನು ಮುಳ್ಳಿನೊಳಗೆ ಕೈ ಹಾಕಿ ಹಣ್ಣು ಬಿಡಿಸುತ್ತಿದ್ದೆ, ಹೊತ್ತು ಜಾರಿದ್ದು ಗೊತ್ತಾಗಿರಲಿಲ್ಲ. ಪೊದೆಯ ಆಚೆ ಮೋತ್ಯಾ ಒಮ್ಮೆಲೇ ಕಿರುಚಿತು. ಯಾರೋ ಹಂದಿಗೆ ಒಡ್ಡಿದ ತಂತಿಯ ಉರುಲಿಗೆ ಅದರ ಮುಂಗಾಲು ಸಿಕ್ಕಿತ್ತು. ಜಗ್ಗಿದಷ್ಟೂ ತಂತಿ ಮಾಂಸದೊಳಗೆ ಇಳಿಯುತ್ತಿತ್ತು. ಅತ್ತೆ ಮೊಣಕಾಲೂರಿ ಕೂತು ತಂತಿ ಸಡಿಲಿಸಹೋದಳು. ನೋವಿಗೆ ಅದು ಅವಳ ಎಡಗೈಯನ್ನೇ ಕಚ್ಚಿತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಇರೋ ಮಗನ, ಇರೋ, ಬಿಡಸ್ತೇನಿ" ಎನ್ನುತ್ತಲೇ ಬಿಡಿಸಿದಳು. ರಕ್ತ ನಿಲ್ಲಲೊಲ್ಲದು. ಸೆರಗಿನ ಅಂಚು ಹರಿದು ಕಾಲಿಗೆ ಬಿಗಿದಳು.

"ದನದ ದವಾಖಾನಿ ಈಗೆಲ್ಲೈತಿ ಸುಮಿ?"

"ಬಸ್‌ಸ್ಟ್ಯಾಂಡ್ ಬಾಜೂಕ ಅತ್ತಿ. ಬಜಾರದಾಗಿಂದ ಹಾದು ಹೋಗ್ಬೇಕು."

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. "ಹಂಗಾರ ನಡಿ" ಎಂದಳು. ಕುರುಬರು ಮರಿ ಹೊರುವ ಹಾಗೆ ಅಷ್ಟು ದೊಡ್ಡ ನಾಯಿಯನ್ನು ಹೆಗಲ ಮೇಲೆ ಹಾಕಿಕೊಂಡಳು.

ಕಾಡು ಮುಗಿದು ಬಜಾರು ಶುರುವಾದಾಗ ಸೂರ್ಯ ನೆತ್ತಿಯ ಮೇಲಿದ್ದ. ಅತ್ತೆಯ ತಲೆಯ ಮೇಲೆ ಸೆರಗಿರಲಿಲ್ಲ, ಕೂದಲು ಬಿಚ್ಚಿತ್ತು, ಹೆಗಲಿನಿಂದ ಸೀರೆಯ ಮೇಲೆ ರಕ್ತ ಇಳಿದಿತ್ತು. ಅಂಗಡಿಯವರು ತಕ್ಕಡಿ ಹಿಡಿದು ಹಾಗೇ ನಿಂತರು. ಒಬ್ಬಳು ಕೈಯಲ್ಲಿದ್ದ ಸೌತೆಕಾಯಿ ಬುಟ್ಟಿಗೆ ಹಾಕುವುದನ್ನು ಮರೆತಳು. ಅತ್ತೆ ಯಾರನ್ನೂ ನೋಡದೆ ನಡೆದಳು. ನಾನು ಹಿಂದೆ ಓಡುತ್ತಿದ್ದೆ. ಬಳೆ ಅಂಗಡಿಯ ಮರಾಠಿ ಮುದುಕಿಯೊಬ್ಬಳು ಎದ್ದು ಬಂದು, "ಅಗ ಬಾಯೀ! ನೀಲಾ ಅಲ್ಲೇನ ನೀ?" ಎಂದಳು. ಮದುವೆಗೆ ಮುಂಚೆ ಅತ್ತೆ ಬಳೆ ಇಡಿಸಿಕೊಳ್ಳುತ್ತಿದ್ದದ್ದು ಅವಳ ಹತ್ತಿರವೇ. "ಸಣ್ಣಾಕಿ ಇದ್ದಾಗಿಂದ ಈ ಕೈ ನೋಡೇನಿ. ಇಲ್ಲಿ ಕುಂದ್ರು, ಚೂರು ನೀರ ಕುಡಿ."

"ಕುಂದ್ರಾಕ ಯಾಳ್ಯಾ ಇಲ್ರಿ ಕಾಕೂ" ಎಂದಳು ಅತ್ತೆ, ನಿಲ್ಲದೆ.

ಮುದುಕಿ ಒಳಗೆ ಹೋಗಿ ಛತ್ರಿ ತಂದಳು. ಅಂಗಡಿ ಹಾಗೇ ತೆರೆದಿಟ್ಟು, ಅತ್ತೆಯ ಮತ್ತು ಮೋತ್ಯಾನ ಮೇಲೆ ಛತ್ರಿ ಹಿಡಿದುಕೊಂಡು ದವಾಖಾನೆಯ ಬಾಗಿಲವರೆಗೂ ಬಂದಳು. ಅವಳು ಕುಳ್ಳಗಿದ್ದಳು, ಕೈ ಪೂರಾ ಮೇಲೆತ್ತಿ, ತುದಿಗಾಲ ಮೇಲೆಂಬಂತೆ ನಡೆಯುತ್ತಿದ್ದಳು.

ಡಾಕ್ಟರು ಹೊಲಿಗೆ ಹಾಕಿದರು. ಕಾಲು ಉಳಿಯುತ್ತದೆ, ಕುಂಟುತನ ಹೋಗುವುದಿಲ್ಲ ಎಂದರು. ಅತ್ತೆಯ ಕೈ ನೋಡಿ ಸರ್ಕಾರಿ ದವಾಖಾನೆಗೆ ಕಳಿಸಿದರು. ಅಲ್ಲಿ ಅವಳಿಗೆ ಇಂಜೆಕ್ಷನ್ ಆಯಿತು. ಟಾಂಗಾದಲ್ಲಿ ಮನೆಗೆ ಬಂದಾಗ ಅಜ್ಜಿ ಗೇಟಿನಲ್ಲಿ ನಿಂತಿದ್ದಳು. ಸುದ್ದಿ ನಮಗಿಂತ ಮುಂಚೆ ಬಂದಿತ್ತು.

"ಬಜಾರದಾಗಿಂದ ಹೋದಿ?"

"ಹೂಂ ಯವ್ವಾ."

"ಮಂದಿ ನೋಡಿದ್ರ?"

"ಎಲ್ಲಾರೂ ನೋಡಿದ್ರು."

ಅಜ್ಜಿ ಒಳಗಿನಿಂದ ಬಿಸಿನೀರು ತಂದು, ಮಗಳನ್ನು ಕಟ್ಟೆಯ ಮೇಲೆ ಕೂರಿಸಿ, ಅವಳ ಕುತ್ತಿಗೆಯ, ತೋಳಿನ ರಕ್ತವನ್ನು ತಾನೇ ತೊಳೆದಳು. ಆಮೇಲೆ ಬಹಳ ಮೆಲ್ಲಗೆ, "ನಾಯಿಗಿ ಏನಂದ್ರು ಡಾಕ್ಟರು?" ಎಂದು ಕೇಳಿದಳು.

ಮೋತ್ಯಾನ ಗಾಯ ಮಾಗಿದ ಮೇಲೆ ಅಜ್ಜಿಯೇ, ಆ ಕಾಡಿನ ದಾರಿ ಬೇಡ, ಊರೊಳಗೇ ಅಡ್ಡಾಡಿಸು ಎಂದಳು. "ಕಾಡು ಬಿಟ್ರ ಅದಕ್ಕ ಆಗೂದಿಲ್ಲ ಯವ್ವಾ. ಹೋಗೂಮುಂದ ಕಾಡು, ಬರೂಮುಂದ ಬಜಾರ" ಎಂದಳು ಅತ್ತೆ. ಹಾಗೇ ಆಯಿತು. ಮುಂದೆ ಕುಂಟುವ ಮೋತ್ಯಾ, ಹಿಂದೆ ಅತ್ತೆ, ಅವಳ ಕೈಚೀಲದಲ್ಲಿ ಮನೆಗೆ ಬೇಕಾದ ಮೆಂತ್ಯೆ, ಕೊತ್ತಂಬರಿ. ಮಳೆ ಹಿಡಿದ ಹೊಸತರಲ್ಲಿ ಒಂದು ದಿನ ಹೀಗೇ ಬಂದವಳ ಬಲಗೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಎಡಗೈಯ ಬಾವು ಪೂರ್ತಿ ಇಳಿದಿರಲಿಲ್ಲ, ಬಳೆ ಏರಿರಲಿಲ್ಲ. ಅವ್ವನೂ ನಾನೂ ಅಜ್ಜಿಯ ಕಡೆ ನೋಡಿದೆವು. ಅಜ್ಜಿ ಆ ಕೈ ಹಿಡಿದು ಬಳೆಗಳನ್ನು ಒಮ್ಮೆ ತಿರುಗಿಸಿ ನೋಡಿದಳು. "ಬಾವು ಇಳಿದ ಮ್ಯಾಲ ಆ ಕೈಗೂ ಇಡಸ್ಕೊಂಡ ಬಾ. ಒಂದ ಕೈ ಬರೇದು ಛಂದ ಕಾಣೂದಿಲ್ಲ" ಎಂದು ಅಕ್ಕಿ ಆರಿಸಲು ಕೂತಳು.

ಅದೇ ವರ್ಷ ಅತ್ತೆ ಬೆಳಗಾವಿಯ ಆಫೀಸಿಗೆ ಹೋಗಿ ಕೆಲಸ ಒಪ್ಪಿಕೊಂಡು ಬಂದಳು. ಖಾನಾಪುರದಲ್ಲೇ ಇಲಾಖೆಯ ಸಸಿ ತೋಟದಲ್ಲಿ ರಿಟೈರ್ ಆಗುವವರೆಗೂ ಇದ್ದಳು. ಮತ್ತೆ ಮದುವೆಯಾಗಲಿಲ್ಲ, ಕೇಳಿದವರಿಗೆ ನಕ್ಕು ಬೇರೆ ಮಾತು ತೆಗೆಯುತ್ತಿದ್ದಳು. ಮೋತ್ಯಾ ಮುಪ್ಪಾಗಿ, ಒಂದು ಮಧ್ಯಾಹ್ನ ಅವಳ ಕೋಣೆಯ ಹೊಸ್ತಿಲಲ್ಲಿ ಮಲಗಿದಲ್ಲೇ ಹೋಯಿತು. ಜನ ಹೆಂಚು ಬಿಟ್ಟು ಸ್ಲ್ಯಾಬ್ ಹಾಕಿಸತೊಡಗಿದರು, ಭಟ್ಟಿ ಆರಿತು, ಕ್ವಾರ್ಟರ್ಸ್ ಖಾಲಿಯಾದವು. ಅಜ್ಜಿ, ಆಮೇಲೆ ಅಪ್ಪ, ಆಮೇಲೆ ಅವ್ವ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅತ್ತೆ ಬೆಳಗಾವಿಯಲ್ಲಿ ನನ್ನ ಹತ್ತಿರ ಇದ್ದಳು. ಏಳಲಾಗದೆ ಮಲಗಿದ್ದಾಗಲೂ ಆಗಿನ್ನೂ ಮರಿಯಾಗಿದ್ದ ಚಿಂಗಿಯನ್ನು ನೋಡಿ, "ಮಿಲ್ಟ್ರಿ ಕ್ಯಾಂಪಿನ ಕಡಿ ಕರ್ಕೊಂಡ ಹೋಗು ಸುಮಿ, ಅಲ್ಲಿ ದೊಡ್ಡ ದೊಡ್ಡ ಗಿಡ ಅದಾವು" ಎನ್ನುತ್ತಿದ್ದಳು. ಅವಳು ಹೋಗಿ ಎರಡು ಮಳೆಗಾಲವಾಯಿತು.

ಭಾನುವಾರ ಬೆಳಿಗ್ಗೆ ಚಿಂಗಿಯೂ ನಾನೂ ಆ ಬಂಡಿ ದಾರಿಯಲ್ಲಿ ನಡೆದೆವು. ದಾರಿ ಕಿರಿದಾಗಿದೆ, ಆದರೆ ಇದೆ. ಹೊಳೆಯವರೆಗೆ ಹೋಗಿ, ನೀರು ಕುಡಿಸಿ, ಹಿಂದಿರುಗುವಾಗ ಕ್ವಾರ್ಟರ್ಸಿನ ಕಡೆ ಹೊರಳಿದೆ. ಗೋಡೆಗಳಿಲ್ಲ. ಸಾಲಿನ ಕೊನೆಯಲ್ಲಿ ನಮ್ಮ ಮನೆಯ ನೆಲ ಮಾತ್ರ ಉಳಿದಿದೆ. ಯಾವುದು ಪಡಸಾಲೆ, ಯಾವುದು ಅತ್ತೆಯ ಕೋಣೆ ಎಂದು ಕಾಲಿನಿಂದಲೇ ಗುರುತು ಹಿಡಿದೆ. ಅಡುಗೆಮನೆಯ ನೆಲ ಒಡೆದು ಒಂದು ನೇರಳೆ ಮರ ಎದ್ದಿದೆ, ಯಾರೂ ಹಚ್ಚಿದ್ದಲ್ಲ. ಚಿಂಗಿ ಅದರ ಬುಡದಲ್ಲಿ ತಂಪು ನೋಡಿಕೊಂಡು ನಾಲ್ಕೂ ಕಾಲು ಚಾಚಿ ಮಲಗಿತು. ಬಿಸಿಲು ಏರುತ್ತಿತ್ತು, ಹೊರಡಬೇಕಿತ್ತು. ನಾನು ಅವ್ವನ ಒಲೆ ಇದ್ದಲ್ಲಿ ಕೂತೆ. ನಮ್ಮ ಅಡುಗೆಮನೆಯಲ್ಲಿ ಈಗ ಒಳ್ಳೆಯ ನೆರಳಿದೆ.