ಸೊಲಾಂಜಮ್ಮನ ಸಹಿ

ಸೊಲಾಂಜ್ ಮದಾಮ್ ಪಾಠ ಹೇಳುತ್ತಿದ್ದುದು ಫ್ರೆಂಚಿನಲ್ಲಿ, ಬೈಯುತ್ತಿದ್ದುದು ಮಾತ್ರ ಹಲಸೂರಿನ ಅತ್ತೆಯಂದಿರ ಕನ್ನಡದಲ್ಲಿ. ಕ್ರಿಯಾಪದ ತಪ್ಪಿತೆಂದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಏನೇ, ಇಡ್ಲಿ ಜೊತೆ ಬುದ್ಧೀನೂ ತಿಂದ್ಕೊಂಡು ಬಂದ್ಯಾ?" ಎನ್ನುತ್ತಿದ್ದರು. ಹುಟ್ಟಿದ್ದು ಮಾರಿಷಸ್‌ನಲ್ಲಿ. ಅಲ್ಲಿನ ಸಕ್ಕರೆ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ ಹಲಸೂರಿನವರೊಬ್ಬರನ್ನು ಮದುವೆಯಾಗಿ, ಅವರ ಹಿಂದೆ ಈ ಬೀದಿಗೆ ಬಂದರು. ಕನ್ನಡ ಕಲಿಸಿದವರು ಅತ್ತೆ. ಆ ಅತ್ತೆ ಸೊಸೆಯ ಜೊತೆ ಆಡಿದ್ದರಲ್ಲಿ ಬಹುಪಾಲು ಬೈಗುಳವೇ ಇರಬೇಕು.

"ಅವರು ನಂಗೆ ಹೇಳಿದ್ದನ್ನೇ ನಿಮಗೆ ಹೇಳ್ತೀನಿ ಕಣೇ. ಬೇರೆ ಕನ್ನಡ ಎಲ್ಲಿಂದ ತರ್ಲಿ?" ಎಂದು ನಗುತ್ತಿದ್ದರು.

ನೂಲಿನ ಸೀರೆ ಉಟ್ಟು, ತಲೆಗೆ ಅಗಲ ಅಂಚಿನ ಹುಲ್ಲಿನ ಟೋಪಿ ಇಟ್ಟುಕೊಂಡು ತರಕಾರಿ ಕೊಳ್ಳಲು ಹೊರಡುತ್ತಿದ್ದರು. ಬೀದಿಯವರಿಗೆ ಅವರು ಸೊಲಾಂಜಮ್ಮ. ಎಂಟನೇ ತರಗತಿಯಿಂದ ಪ್ರತಿ ಶನಿವಾರ ಅವರ ಮಹಡಿಯ ಕೋಣೆಗೆ ಹೋಗುತ್ತಿದ್ದ ನಮಗೆ ಮದಾಮ್.

ಮನೆಪಾಠ ತಿದ್ದಿದ ಮೇಲೆ ಪುಟದ ಕೆಳಗೆ ಹಸಿರು ಮಸಿಯಲ್ಲಿ ಸಹಿ ಹಾಕುತ್ತಿದ್ದರು. ದೊಡ್ಡದೊಂದು ಎಸ್, ಅದರ ಕತ್ತು ಹಂಸದ ಹಾಗೆ ಬಾಗಿರುತ್ತಿತ್ತು. ಕೊನೆಯ ಅಕ್ಷರದಿಂದ ಹೊರಟ ಗೆರೆ ಇಡೀ ಹೆಸರಿನ ಅಡಿಯಲ್ಲಿ ಹಿಂದಕ್ಕೆ ಬಂದು ಒಂದು ಚುಕ್ಕೆಯಲ್ಲಿ ನಿಲ್ಲುತ್ತಿತ್ತು. ನಾನು ಹೆಚ್ಚು ಮಾತನಾಡದ ಹುಡುಗಿ. ಆ ಸಹಿಯನ್ನು ಗಣಿತದ ಪುಸ್ತಕದ ಹಿಂಬದಿಯಲ್ಲಿ ಎಷ್ಟು ಸಲ ಬರೆದುಕೊಂಡಿದ್ದೆನೋ. ಹತ್ತನೇ ತರಗತಿಯಲ್ಲಿ, ಒಂದು ಶನಿವಾರ ಪಾಠ ತಪ್ಪಿಸಿ ಗೆಳತಿಯ ಮನೆಗೆ ಹೋದವಳು, ಅಮ್ಮನಿಗೆ ತೋರಿಸಲೆಂದು ನಾನೇ ಆ ಸಹಿ ಹಾಕಿಬಿಟ್ಟೆ. ಮುಂದಿನ ವಾರ ಪುಟ ತಿರುಗಿಸುತ್ತಿದ್ದ ಮದಾಮ್ ಕೈ ನಿಂತಿತು. ಪುಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಚುಕ್ಕೆ ಎಲ್ಲೇ?"

ನಾನು ನೋಟ್‌ಬುಕ್ಕನ್ನು ನನ್ನ ಕಡೆಗೆ ಎಳೆದುಕೊಂಡೆ.

"ಕದಿಯೋದಾದ್ರೆ ನೆಟ್ಟಗೆ ಕದಿಯೇ! ಅರ್ಧಂಬರ್ಧ ಕದ್ದು ನನ್ನ ಮಾನ ಯಾಕೆ ತೆಗೀತೀಯಾ?" ಎಂದು ನೋಟ್‌ಬುಕ್ಕನ್ನು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ತಿರುಗಿಸಿದರು. ಅಮ್ಮನಿಗೆ ಹೇಳಲಿಲ್ಲ. ನೋಟ್‌ಬುಕ್ಕನ್ನೂ ಹಿಂತಿರುಗಿಸಲಿಲ್ಲ.

ನಲವತ್ತು ವರ್ಷ ಹಲಸೂರಿನಲ್ಲಿದ್ದರೂ ಅವರು ತಮ್ಮ ದೇಶದ ಪಾಸ್‌ಪೋರ್ಟನ್ನು ಬಿಟ್ಟಿರಲಿಲ್ಲ. ಇಲ್ಲಿಯವರೇ ಆಗಿಬಿಡಬಹುದಲ್ಲ ಎಂದು ಯಾರಾದರೂ ಕೇಳಿದರೆ, "ಗಂಡನ ಮನೆ ಇದೆ ಅಂತ ತವರನ್ನ ಬಿಡ್ತಾರೇನ್ರೀ?" ಎಂದು ತಿರುಗಿ ಕೇಳುತ್ತಿದ್ದರು. ಅವಧಿ ಮುಗಿದಾಗಲೆಲ್ಲ ದೆಹಲಿಯಲ್ಲಿರುವ ಅವರ ದೇಶದ ಕಚೇರಿಗೆ ತಾವೇ ಅರ್ಜಿ ತುಂಬಿ ಕಳಿಸುತ್ತಿದ್ದರು.

ಕೊನೆಯ ಸಲದ ಅರ್ಜಿಗೆ ನಾನು ಬೇಕಾದೆ. ಆಗ ನಾನು ಇಂದಿರಾನಗರದಲ್ಲಿ ಅನುವಾದದ ಕೆಲಸಕ್ಕೆ ಸೇರಿದ್ದೆ. ಗಂಡ ತೀರಿಕೊಂಡು ಮದಾಮ್ ಒಬ್ಬರೇ ಇದ್ದರು. ಬಲಗೈ ನಡುಗಲು ಶುರುವಾಗಿತ್ತು. ವೈದ್ಯರು ಅದಕ್ಕೊಂದು ಉದ್ದನೆಯ ಹೆಸರು ಹೇಳಿದ್ದರು, ಮದಾಮ್ "ಕೈಗೆ ಚಳಿ" ಎನ್ನುತ್ತಿದ್ದರು. ಪಾಸ್‌ಪೋರ್ಟಿನ ಅವಸರಕ್ಕೆ ಕಾರಣ ಮಾರಿಷಸ್‌ನಲ್ಲಿದ್ದ ತಂಗಿ ಜೊಸೆಟ್. ಆಕೆಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ನಿನ್ನ ಮುಖ ಇನ್ನೂ ಕಾಣುವಾಗಲೇ ಬಂದುಬಿಡು ಎಂದು ಫೋನಿನಲ್ಲಿ ಹೇಳಿದ್ದರಂತೆ.

ಶಿವಾಜಿನಗರದ ಒಂದು ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. "ಅಮ್ಮಾ, ಜರಾ ನಗಬೇಡಿ. ಪಾಸ್‌ಪೋರ್ಟಿಗೆ ನಗೋ ಹಂಗಿಲ್ಲ," ಎಂದ ಫೋಟೋದವನಿಗೆ, "ನಾನೆಲ್ಲಪ್ಪಾ ನಕ್ಕೆ? ಮುಖಾನೇ ಹೀಗಿದೆ, ಬೇರೆ ತಂದಿಲ್ಲ," ಎಂದರು. ಅರ್ಜಿ ನಾನು ತುಂಬಿದೆ, ಸಹಿ ಅವರು ಹಾಕಿದರು. ತಿಂಗಳು ಕಳೆಯುವಷ್ಟರಲ್ಲಿ ಅದು ವಾಪಸು ಬಂತು. ಸಹಿ ಚೌಕದ ಹೊರಗೆ ಹೋಗಿದೆ, ಹಳೆಯ ಸಹಿಗೆ ಹೊಂದುತ್ತಿಲ್ಲ. ಸಹಿ ಮಾಡಲಾಗದಿದ್ದರೆ ವೈದ್ಯರ ಪತ್ರದೊಂದಿಗೆ ಹೆಬ್ಬೆಟ್ಟಿನ ಗುರುತು ಕಳಿಸಬಹುದು ಎಂದು ಜೊತೆಗಿದ್ದ ಕಾಗದದಲ್ಲಿ ಬರೆದಿತ್ತು.

"ಹೆಬ್ಬೆಟ್ಟಾ?" ಎಂದರು ಮದಾಮ್. "ನಾನಾ?"

ಆ ದಿನ ಅವರು ಮೊದಲ ಸಲ ತಾಯಿಯ ವಿಷಯ ಹೇಳಿದರು. ಕಬ್ಬಿನ ತೋಟದಲ್ಲಿ ದುಡಿಯುತ್ತಿದ್ದ ಹೆಂಗಸು. ಪ್ರತಿ ಶನಿವಾರ ಸಾಲಿನಲ್ಲಿ ನಿಂತು ಮೇಸ್ತ್ರಿಯ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಮನೆಗೆ ಬಂದು ಬೆರಳನ್ನು ಬೂದಿಯಲ್ಲಿ ತಿಕ್ಕುತ್ತಿದ್ದರಂತೆ. "ಶಾಲೆಗೆ ಸೇರಿಸಿದ ದಿನ ಅಮ್ಮ ನನ್ನ ಈ ಬೆರಳನ್ನ ಹಿಡ್ಕೊಂಡು, ಇದಕ್ಕೆ ಮಸಿ ಹತ್ತಬಾರದು ಅಂದಿದ್ಳು ಕಣೇ," ಎಂದು ಎದ್ದು ಒಳಗೆ ಹೋದರು.

ನಾನು ಅರ್ಜಿಯಲ್ಲಿದ್ದ ಅಳತೆಯ ಚೌಕಗಳನ್ನು ಒಂದು ನೋಟ್‌ಬುಕ್ಕಿನ ತುಂಬ ಗೆರೆ ಹಾಕಿ ಕೊಟ್ಟೆ. ನಾಲ್ಕು ವಾರ ಅವರು ದಿನವೂ ಅವುಗಳಲ್ಲಿ ಸಹಿ ಬರೆದರು. ಭಾನುವಾರ ಹೋಗಿ ನಾನು ನೋಡುತ್ತಿದ್ದೆ. ಹಂಸದ ಕತ್ತು ಒಡೆದಿರುತ್ತಿತ್ತು, ಗೆರೆ ಹಿಂದಕ್ಕೆ ಬರುವ ಮೊದಲೇ ದಾರಿ ತಪ್ಪಿರುತ್ತಿತ್ತು. ತಿದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ. ಜೊಸೆಟ್ ಎರಡು ಸಲ ಫೋನ್ ಮಾಡಿದ್ದರು.

ಐದನೇ ಭಾನುವಾರ ಹೊಸ ಅರ್ಜಿಯನ್ನು ಮೇಜಿನ ಮೇಲಿಟ್ಟು, ಧೈರ್ಯ ಮಾಡಿ ಹೇಳಿದೆ: "ಮದಾಮ್, ನಾನು ಹಾಕ್ತೀನಿ. ನಂಗೆ ಬರುತ್ತೆ. ಚುಕ್ಕೆ ಸಮೇತ."

ಅವರು ನನ್ನನ್ನೇ ನೋಡಿದರು. ಪೆನ್ನನ್ನು ನನ್ನ ಕಡೆಗೆ ತಳ್ಳಿದರು. ನಾನು ತೆಗೆದುಕೊಂಡೆ. ನಿಬ್ಬು ಕಾಗದಕ್ಕೆ ತಾಗುವ ಮೊದಲೇ ಅವರ ನಡುಗುವ ಕೈ ನನ್ನ ಕೈಯ ಮೇಲೆ ಬಂತು.

"ಬೇಡ ಬಿಡೇ. ನೀನು ಹಾಕಿದ್ರೆ ಊರಿಗೆ ಹೋಗೋಳು ನೀನಾಗ್ತೀಯಾ." ಪೆನ್ನನ್ನು ನನ್ನ ಕೈಯಿಂದ ತೆಗೆದು ಮುಚ್ಚಳ ಹಾಕಿದರು. "ಜೊಸೆಟ್ ಏನು ನನ್ನ ಸಹಿ ನೋಡಕ್ಕಾ ಕಾಯ್ತಿರೋದು? ಮುಖ ನೋಡಕ್ಕೆ. ಹೋಗು, ಅಂಗಡಿಯಿಂದ ಇಂಕ್ ಪ್ಯಾಡ್ ತಗೊಂಡ್ಬಾ. ನಮ್ಮಮ್ಮನ ಹತ್ರ ನಾನು ಮಾತಾಡ್ಕೋತೀನಿ."

ಪ್ಯಾಡಿನ ಮಸಿ ನೇರಳೆ ಬಣ್ಣದ್ದು. ಒತ್ತಿದ ಮೇಲೆ ಅವರು ಬೆರಳನ್ನು ತೊಳೆಯಲಿಲ್ಲ. ಆ ಸಂಜೆ ತರಕಾರಿಗೆ ಹೋದಾಗ ಮಾತ್ರ ಅದನ್ನು ಮುಷ್ಟಿಯೊಳಗೆ ಮಡಚಿಕೊಂಡು, ಎಡಗೈಯಲ್ಲೇ ಬೆಂಡೆಕಾಯಿ ಆರಿಸಿದರು. "ಏನಮ್ಮಾ ಸೊಲಾಂಜಮ್ಮ, ಕೈ ನೋವಾ?" ಎಂದು ತರಕಾರಿಯವಳು ಕೇಳಿದ್ದಕ್ಕೆ, "ಇಲ್ಲ ಕಣಮ್ಮಾ, ಬಣ್ಣ ಆಗಿದೆ," ಎಂದರು.

ಪಾಸ್‌ಪೋರ್ಟ್ ಬಂತು. ಆರು ತಿಂಗಳಿಗೆಂದು ಹೋದವರು ಅಲ್ಲೇ ಉಳಿದರು, ಕಳೆದ ವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ತಿಳಿಸಿದ ಜೊಸೆಟ್, ಅಕ್ಕನ ಮುಖವನ್ನು, ಮೂಗಿನ ತುದಿಯ ಕನ್ನಡಕದ ತನಕ ಎಲ್ಲವನ್ನೂ ತಾನು ನೋಡಿದೆನೆಂದು ಹೇಳಿದರು. ಹಲಸೂರಿನ ಆ ಮಹಡಿಯಲ್ಲಿ ಈಗ ಬೇರೆಯವರ ಬಟ್ಟೆ ಒಣಗುತ್ತದೆ.

ಮದಾಮ್ ಮಾರಿಷಸ್‌ಗೆ ಹೊರಟ ಬೆಳಿಗ್ಗೆ ಟ್ಯಾಕ್ಸಿಯವರೆಗೆ ಪೆಟ್ಟಿಗೆ ಹಿಡಿದುಕೊಂಡು ಹೋಗಿದ್ದೆ. ಹುಲ್ಲಿನ ಟೋಪಿ ಮಡಿಲಲ್ಲಿಟ್ಟುಕೊಂಡು ಕೂತವರು ಚೀಲದಿಂದ ಹಳೆಯದೊಂದು ನೋಟ್‌ಬುಕ್ ತೆಗೆದು ಕಿಟಕಿಯಿಂದ ಚಾಚಿದರು. ನನ್ನದೇ, ಹತ್ತನೇ ತರಗತಿಯದು. ಗುರುತಿಗೆ ದಾರ ಇಟ್ಟಿದ್ದ ಪುಟ ತೆರೆದೆ. ಚುಕ್ಕೆಯಿಲ್ಲದ ನನ್ನ ಕಳ್ಳ ಸಹಿ ಹಾಗೇ ಇತ್ತು. ಅದರ ಕೆಳಗೆ ಒಂದು ಚೌಕ. ಚೌಕದ ನಟ್ಟನಡುವೆ, ಒಂದಿಷ್ಟೂ ಅಲುಗದೆ, ಒಂದೊಂದು ಗೆರೆಯೂ ಎಣಿಸುವಂತೆ ಮೂಡಿದ್ದ ನೇರಳೆ ಹೆಬ್ಬೆಟ್ಟು.

ಟ್ಯಾಕ್ಸಿ ಹೊರಟಿತು. ಮದಾಮ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು:

"ಈಗ ಇದನ್ನ ಕದಿಯೇ, ನೋಡೋಣ!"